195 ಕೆ.ಜಿ. ನೀರು, ಗಾಜು, ಜಲ್ಲಿ: ಅಕ್ವೇರಿಯಂ ಅನ್ನು ಹೊಸ ಸ್ಟ್ಯಾಂಡಿಗೆ ಏರಿಸಿದ ವಿವರ

ಹಳೆಯ ಕಬ್ಬಿಣದ ಸ್ಟ್ಯಾಂಡಿನ ಹಿಂಬದಿಯ ಎಡಗಾಲು ಬುಡದಲ್ಲಿ ತುಕ್ಕು ಹಿಡಿದು ಪದರ ಪದರವಾಗಿ ಉದುರತೊಡಗಿತ್ತು. ಬಣ್ಣ ಕೆರೆದು ಸ್ಕ್ರೂಡ್ರೈವರ್‌ನ ಮೊನೆಯಿಂದ ಒತ್ತಿದರೆ ಅದು ಕಬ್ಬಿಣದೊಳಕ್ಕೇ ಇಳಿಯಿತು. ವೆಲ್ಡಿಂಗ್ ಮಾಡಿಸಿ ಇನ್ನೊಂದು ವರ್ಷ ತಳ್ಳಬಹುದಿತ್ತು. ಆದರೆ ವೆಲ್ಡಿಂಗ್‌ಗೂ ತೊಟ್ಟಿಯನ್ನು ಖಾಲಿ ಮಾಡಲೇಬೇಕು. ಹೇಗೂ ಖಾಲಿ ಮಾಡುವುದಾದರೆ ಸ್ಟ್ಯಾಂಡ್ ಅನ್ನೇ ಬದಲಿಸುವುದು ಸರಿ ಎಂದು ತೀರ್ಮಾನಿಸಿದೆ.

ಮೀನಿನ ತೊಟ್ಟಿ ಸಾಗಿಸುವುದೆಂದರೆ ಭಾರ ಎತ್ತುವ ಕೆಲಸ ಎಂದು ಅನೇಕರು ಭಾವಿಸುತ್ತಾರೆ. ಎತ್ತುವುದು ಅದರಲ್ಲಿ ಅತಿ ಚಿಕ್ಕ ಭಾಗ. ಭಾರ ಕೂರುವ ಮೊದಲೇ ಸ್ಟ್ಯಾಂಡ್ ಮಟ್ಟವಾಗಿರಬೇಕು, ಕೆಲಸ ಮುಗಿಯುವವರೆಗೆ ಫಿಲ್ಟರ್‌ನೊಳಗೆ ನೆಲೆಸಿ ಮೀನಿನ ತ್ಯಾಜ್ಯದ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಸಾಯದಂತೆ ನೋಡಿಕೊಳ್ಳಬೇಕು. ಇವೆರಡೂ ಸರಿಯಿದ್ದರೆ ಮೀನುಗಳಿಗೆ ಅಪಾಯವಿಲ್ಲ. ಈ ಬರಹದ ಹೆಚ್ಚಿನ ಪಾಲು ಇವೆರಡರ ಬಗ್ಗೆಯೇ ಇದೆ.

ತೊಟ್ಟಿಯಲ್ಲಿರುವವರು: ಹನ್ನೆರಡು ನಿಯಾನ್ ಟೆಟ್ರಾ, ಆರು ಕೋರಿಡೋರಾಸ್, ನಾಲ್ಕು ಕುಹ್ಲಿ ಲೋಚ್, ಒಂದು ಬ್ರಿಸಲ್‌ನೋಸ್ ಪ್ಲೆಕೊ. ಗಿಡಗಳಲ್ಲಿ ಮರದ ಬೊಡ್ಡೆಗೆ ಕಟ್ಟಿದ ಅನೂಬಿಯಸ್ ಮತ್ತು ಜಾವಾ ಫರ್ನ್, ಹಿಂಬದಿಯಲ್ಲಿ ಜಲ್ಲಿಗೆ ಬೇರು ಬಿಟ್ಟ ವ್ಯಾಲಿಸ್ನೇರಿಯಾ.

ಹಂತ 1: ಭಾರದ ಲೆಕ್ಕ

ತೊಟ್ಟಿಯ ಉದ್ದ 90 ಸೆಂ.ಮೀ., ಅಗಲ 40 ಸೆಂ.ಮೀ., ಎತ್ತರ 45 ಸೆಂ.ಮೀ. ಗಾಜಿನ ದಪ್ಪ 8 ಮಿ.ಮೀ. ಒಂದು ಲೀಟರ್ ಗಾತ್ರದ ಗಾಜು ಎರಡೂವರೆ ಕೆ.ಜಿ. ತೂಗುತ್ತದೆ. ಐದು ಫಲಕಗಳನ್ನು ಕೂಡಿಸಿದರೆ ಖಾಲಿ ತೊಟ್ಟಿಯೇ ಸುಮಾರು 31 ಕೆ.ಜಿ. ತಳದಲ್ಲಿ 5 ಸೆಂ.ಮೀ. ಜಲ್ಲಿ, ಅದು ಸುಮಾರು 27 ಕೆ.ಜಿ. ನೀರು 41 ಸೆಂ.ಮೀ. ಎತ್ತರದವರೆಗೆ ಇರುತ್ತದೆ. ಜಲ್ಲಿ ಆಕ್ರಮಿಸಿದ ಜಾಗ ಕಳೆದರೆ 129 ಲೀಟರ್, ಅಂದರೆ ಅಷ್ಟೇ ಕೆ.ಜಿ. ಕಲ್ಲು, ಬೊಡ್ಡೆ, ದೀಪ, ಮುಚ್ಚಳ ಎಲ್ಲ ಸೇರಿ 8 ಕೆ.ಜಿ. ಒಟ್ಟು 195 ಕೆ.ಜಿ.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಳ್ಳದೆ ಸ್ಟ್ಯಾಂಡ್ ಮಾಡಲು ಕೂರಬಾರದು. ಇಬ್ಬರು ಮೂವರು ದೊಡ್ಡವರು ಹಗಲೂ ರಾತ್ರಿ ಒಂದೇ ಕಡೆ ನಿಂತಿರುವಷ್ಟು ಭಾರವಿದು. ಮನೆಯ ಸಾಮಾನ್ಯ ಮೇಜು, ಟಿ.ವಿ. ಕಪಾಟು ಇದನ್ನು ಕೆಲವು ದಿನ ಹೊತ್ತು ತೋರಿಸಿ ಆಮೇಲೆ ಬಾಗುತ್ತವೆ.

ಹಂತ 2: ಸ್ಟ್ಯಾಂಡ್ ಕಟ್ಟಿದ್ದು

ಸಾಮಗ್ರಿ: ಕಾಲುಗಳಿಗೆ 70 × 70 ಮಿ.ಮೀ. ಮರ, ಅಡ್ಡಪಟ್ಟಿಗಳಿಗೆ 40 × 90 ಮಿ.ಮೀ. ಮರ, ಮೇಲ್ಹಾಸಿಗೆ 18 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್, ಹಿಂಬದಿಗೆ 12 ಮಿ.ಮೀ. ಪ್ಲೈವುಡ್, ಮರದ ಅಂಟು, ಸ್ಟೀಲ್ ಸ್ಕ್ರೂ, ಪಾಲಿಯುರಿಥೇನ್ ವಾರ್ನಿಷ್. ಉಪಕರಣ: ಡ್ರಿಲ್, ಕೈಗರಗಸ, ಮೂಲೆಮಟ್ಟ, ಸ್ಟೀಲ್ ಟೇಪು, ಕ್ಲಾಂಪ್. ಖರ್ಚಿನ ದೊಡ್ಡ ಪಾಲು ಮರಕ್ಕೂ ಪ್ಲೈವುಡ್‌ಗೂ ಹೋಯಿತು. ಅಲ್ಲಿ ಉಳಿತಾಯ ಮಾಡುವ ಯೋಚನೆಯೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾದಾ ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದರೆ ಉಬ್ಬಿ ಪುಡಿಯಾಗುತ್ತದೆ, ಅಕ್ವೇರಿಯಂ ಇರುವ ಕಡೆ ನೀರು ಚೆಲ್ಲದೆ ಇರುವುದಿಲ್ಲ.

ಮೇಲ್ಹಾಸಿನ ಅಳತೆ 92 × 42 ಸೆಂ.ಮೀ. ತೊಟ್ಟಿಗಿಂತ ಸುತ್ತಲೂ ಒಂದು ಸೆಂ.ಮೀ. ಹೆಚ್ಚು. ಎತ್ತರ 78 ಸೆಂ.ಮೀ. ಕಾಲು 67.2, ಅದರ ಮೇಲೆ ನೆಟ್ಟಗೆ ನಿಲ್ಲಿಸಿದ ಪಟ್ಟಿ 9, ಮೇಲ್ಹಾಸು 1.8.

ಇಲ್ಲಿ ಪಾಲಿಸಿದ ನಿಯಮ ಒಂದೇ: ಭಾರವನ್ನು ಮರವೇ ಹೊರಬೇಕು, ಸ್ಕ್ರೂ ಹೊರಬಾರದು. ಮೇಲಿನ ಪಟ್ಟಿಗಳು ಕಾಲಿನ ಪಕ್ಕಕ್ಕೆ ಸ್ಕ್ರೂವಿನಿಂದ ನೇತಾಡುತ್ತಿಲ್ಲ, ಕಾಲಿನ ತಲೆಯ ಮೇಲೇ ಕೂತಿವೆ. ಸ್ಕ್ರೂಗಳ ಕೆಲಸ ಅವು ಅತ್ತಿತ್ತ ಸರಿಯದಂತೆ ಹಿಡಿದಿಡುವುದಷ್ಟೆ. ಚೌಕಟ್ಟು ಕೂಡಿಸಿದ ಮೇಲೆ ಕರ್ಣಗಳನ್ನು ಅಳೆದೆ. ಎರಡೂ 101.1 ಸೆಂ.ಮೀ. ಬರಬೇಕು. ಒಂದು 101.4 ಬಂತು. ಅಂಟು ಒಣಗುವ ಮೊದಲೇ ಕ್ಲಾಂಪ್ ಹಾಕಿ ಎಳೆದು ಸರಿಪಡಿಸಿದೆ.

ಹಿಂಬದಿಯ ಪ್ಲೈವುಡ್ ಅಂದಕ್ಕೆ ಮಾತ್ರ ಎಂದುಕೊಂಡು ಕೊನೆಗೆ ಬಿಟ್ಟಿದ್ದೆ. ಅದಿಲ್ಲದೆ ಸ್ಟ್ಯಾಂಡಿನ ಮೇಲ್ತುದಿಯನ್ನು ಪಕ್ಕಕ್ಕೆ ತಳ್ಳಿದರೆ ಸೆಂ.ಮೀ.ನಷ್ಟು ಓಲಾಡುತ್ತಿತ್ತು. ಕೆಳಮುಖ ಭಾರಕ್ಕೆ ಕಾಲುಗಳು ಸಾಕು, ಪಕ್ಕದ ಓಲಾಟಕ್ಕೆ ಸಾಲವು. ಫಿಲ್ಟರ್ ಪೈಪ್ ಮತ್ತು ವೈರುಗಳಿಗೆ ಕಿಂಡಿ ಕೊರೆದು, ಹಲಗೆಯ ಅಂಚಿನುದ್ದಕ್ಕೂ 15 ಸೆಂ.ಮೀ.ಗೊಂದು ಸ್ಕ್ರೂ ಹಾಕಿ ಬಿಗಿದ ಮೇಲೆ ಭುಜ ಕೊಟ್ಟು ತಳ್ಳಿದರೂ ಅಲುಗಲಿಲ್ಲ.

ವಾರ್ನಿಷ್ ಎರಡು ಸಲ ಬಳಿದದ್ದು ಹೊರಗೆ. ಇದಕ್ಕೆ ಕಾರಣವಿದೆ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುತ್ತದೆ. ತೊಟ್ಟಿಯಿರುವ ಕೋಣೆಯಲ್ಲಿ ಬಣ್ಣ ಬಳಿದರೆ ಅದರ ಆವಿ ಮೀನುಗಳಿರುವ ನೀರಿಗೇ ಹೋಗುತ್ತದೆ. ಮೂಗು ಹತ್ತಿರ ಹಿಡಿದರೂ ವಾಸನೆ ಬಾರದಿರುವವರೆಗೆ ಸ್ಟ್ಯಾಂಡ್ ಒಳಗೆ ತರಲಿಲ್ಲ.

ಹಂತ 3: ಮರಳಿನ ಚೀಲ ಹೇರಿ ಪರೀಕ್ಷೆ

25 ಕೆ.ಜಿ.ಯ ಎಂಟು ಮರಳಿನ ಚೀಲಗಳನ್ನು ಮೇಲ್ಹಾಸಿನ ಮೇಲೆ ಸಮವಾಗಿ ಜೋಡಿಸಿ ರಾತ್ರಿಯಿಡೀ ಬಿಟ್ಟೆ. ಮುಂದಿನ ಪಟ್ಟಿಯ ಎರಡು ತುದಿಗೆ ಮೊಳೆ ಹೊಡೆದು ಬಿಗಿಯಾಗಿ ದಾರ ಕಟ್ಟಿದ್ದೆ, ನಡುವೆ ಎಷ್ಟು ಬಾಗುತ್ತದೆಂದು ನೋಡಲು.

ಮೊದಲ ವಿನ್ಯಾಸ ಇಲ್ಲಿಯೇ ಬಿದ್ದುಹೋಯಿತು. ಆಗ ಮೇಲಿನ ಪಟ್ಟಿಗಳನ್ನು ಅಗಲ ಬದಿ ಮೇಲಾಗಿ ಮಲಗಿಸಿದ್ದೆ. ಪ್ಲೈವುಡ್ ಕೂರಲು ಹೆಚ್ಚು ಜಾಗ ಸಿಗುತ್ತದೆ ಎಂಬ ಆಸೆ. ಬೆಳಿಗ್ಗೆ ನೋಡಿದರೆ ದಾರಕ್ಕಿಂತ ಪಟ್ಟಿಯ ನಡುಭಾಗ 2 ಮಿ.ಮೀ. ಕೆಳಗಿತ್ತು. ಮರಕ್ಕೆ 2 ಮಿ.ಮೀ. ಏನೂ ಅಲ್ಲ. ಆದರೆ ಗಾಜು ಬಾಗುವುದಿಲ್ಲ. ತೊಟ್ಟಿ ಎರಡು ತುದಿಯಲ್ಲಿ ಮಾತ್ರ ಕೂತು, ನಡುವಿನ ತಳಕ್ಕೆ ಆಧಾರ ಕಡಿಮೆಯಾಗುತ್ತದೆ. ತಳದ ಗಾಜಿನ ಮೇಲೂ ಸಿಲಿಕೋನ್ ಜೋಡಣೆಯ ಮೇಲೂ ಸದಾ ಸೆಳೆತ.

ಅದೇ ಪಟ್ಟಿಗಳನ್ನು ಬಿಚ್ಚಿ 90 ಮಿ.ಮೀ. ಬದಿ ಲಂಬವಾಗಿ ಬರುವಂತೆ ನಿಲ್ಲಿಸಿದೆ. ಹೊಸ ಮರ ಕೊಳ್ಳಲಿಲ್ಲ, ಅದೇ ಮರ, ಅದೇ ಚೀಲಗಳು, ಅಷ್ಟೇ ಹೊತ್ತು. ಬಾಗು ಅರ್ಧ ಮಿ.ಮೀ. ಕೂಡ ಇರಲಿಲ್ಲ. ಇಷ್ಟು ಅಳತೆಯ ಪಟ್ಟಿಯನ್ನು ಮಲಗಿಸುವುದಕ್ಕೂ ನಿಲ್ಲಿಸುವುದಕ್ಕೂ ಬಾಗದಂತೆ ನಿಲ್ಲುವ ಬಲದಲ್ಲಿ ಐದು ಪಟ್ಟು ವ್ಯತ್ಯಾಸ. ಸ್ವಂತ ಸ್ಟ್ಯಾಂಡ್ ಮಾಡುವವರು ಉಳಿದದ್ದನ್ನು ಓದದಿದ್ದರೂ ಇದೊಂದನ್ನು ನೆನಪಿಟ್ಟುಕೊಳ್ಳಲಿ.

ಚೀಲಗಳನ್ನು ಇಳಿಸಿದ ಮೇಲೆ ಉಕ್ಕಿನ ಅಳತೆಪಟ್ಟಿಯನ್ನು ಮೇಲ್ಹಾಸಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ ಉದ್ದಕ್ಕೂ, ಅಡ್ಡಕ್ಕೂ, ಕರ್ಣವಾಗಿಯೂ ಎಳೆದೆ. ಒಂದು ಕಡೆ ಟಕ್ ಎಂದು ತಡೆಯಿತು. ಬಲ ಮುಂಭಾಗದ ಸ್ಕ್ರೂ ಒಂದರ ತಲೆ ಪ್ಲೈವುಡ್‌ಗಿಂತ ಒಂದು ಮಿ.ಮೀ.ಗೂ ಕಡಿಮೆ ಮೇಲಿತ್ತು. ಕಣ್ಣಿಗೆ ಕಾಣುವುದಿಲ್ಲ, ಉಗುರು ಸವರಿದರೆ ತಿಳಿಯುತ್ತದೆ. ತಳದ ಗಾಜು ಅಂಥ ಒಂದೇ ಬಿಂದುವಿನ ಮೇಲೆ ಕೂತರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಎಲ್ಲ ಸ್ಕ್ರೂ ತೆಗೆದು ರಂಧ್ರಗಳ ಬಾಯಿಯನ್ನು ಅಗಲಿಸಿ, ತಲೆಗಳು ಪ್ಲೈವುಡ್‌ನೊಳಕ್ಕೆ ಮುಳುಗುವಂತೆ ಕೂರಿಸಿದೆ.

ಹಂತ 4: ನೆಲದ ಮಟ್ಟ

ಹೊಸ ಸ್ಟ್ಯಾಂಡ್ ಹಳೆಯದರ ಜಾಗಕ್ಕೇ ಬರಬೇಕಿತ್ತು. ಬಿಸಿಲು ನೇರ ಬೀಳದ ಗೋಡೆ ಅದೊಂದೇ, ಪ್ಲಗ್ ಕೂಡ ಹತ್ತಿರ. ಮೀನುಗಳು ಟಬ್‌ನಲ್ಲಿ ಕಾಯುತ್ತಿರುವಾಗ ನೆಲದ ಮಟ್ಟ ಹುಡುಕುತ್ತ ಕೂರಬಾರದೆಂದು ತೊಟ್ಟಿ ತುಂಬಿರುವಾಗಲೇ ಟ್ಯೂಬ್ ಲೆವೆಲ್‌ನಿಂದ ನಾಲ್ಕು ಕಾಲು ಬರುವ ಜಾಗಗಳನ್ನು ಅಳೆದೆ. ಪಾರದರ್ಶಕ ಕೊಳವೆಯಲ್ಲಿ ಬಣ್ಣದ ನೀರು, ಗುಳ್ಳೆ ಇರಬಾರದು, ಅಷ್ಟೆ.

ಬಲ ಮುಂಭಾಗ ಎಲ್ಲಕ್ಕಿಂತ ಎತ್ತರ. ಅದಕ್ಕೆ ಹೋಲಿಸಿದರೆ ಎಡ ಮುಂಭಾಗ 2 ಮಿ.ಮೀ., ಬಲ ಹಿಂಭಾಗ 3 ಮಿ.ಮೀ., ಎಡ ಹಿಂಭಾಗ 5 ಮಿ.ಮೀ. ತಗ್ಗು. ಹಳೆಯ ಸ್ಟ್ಯಾಂಡಿನ ಎಡ ಹಿಂಗಾಲೇ ಏಕೆ ತುಕ್ಕು ಹಿಡಿಯಿತು ಎಂಬುದಕ್ಕೂ ಉತ್ತರ ಸಿಕ್ಕಿತು. ಚೆಲ್ಲಿದ ನೀರೆಲ್ಲ ಹರಿದು ನಿಲ್ಲುತ್ತಿದ್ದುದು ಅಲ್ಲಿಯೇ.

ಪಿ.ವಿ.ಸಿ. ಹಾಳೆಯನ್ನು 7 × 7 ಸೆಂ.ಮೀ. ಚೌಕಗಳಾಗಿ ಕತ್ತರಿಸಿ ಬೇಕಾದ ದಪ್ಪಕ್ಕೆ ಜೋಡಿಸಿಕೊಂಡೆ. ಮರದ ಚಕ್ಕೆ ಅಥವಾ ರಟ್ಟು ತೇವಕ್ಕೆ ಉಬ್ಬುತ್ತದೆ, ಆಮೇಲೆ ಕುಗ್ಗುತ್ತದೆ, ಹಾಗಾಗಿ ಬೇಡ. ಚೌಕ ಕಾಲಿನ ಇಡೀ ಬುಡಕ್ಕೆ ಆಧಾರ ಕೊಡಬೇಕು. ಮಟ್ಟ ಮಾಡುವುದು ಯಾವಾಗಲೂ ಸ್ಟ್ಯಾಂಡಿನ ಕೆಳಗೆ. ತೊಟ್ಟಿಗೂ ಸ್ಟ್ಯಾಂಡಿಗೂ ನಡುವೆ ಚಕ್ಕೆ ತುರುಕುವುದೆಂದರೆ ಗಾಜು ಒಡೆಯಲು ನಾವೇ ಜಾಗ ತೋರಿಸಿದಂತೆ.

ಹಂತ 5: ಹಿಂದಿನ ದಿನ

ಮೀನುಗಳಿಗೆ ಆಹಾರ ಹಾಕಲಿಲ್ಲ. ಹೊಟ್ಟೆ ಖಾಲಿ ಇದ್ದರೆ ಟಬ್‌ನ ನೀರು ಬೇಗ ಕೆಡುವುದಿಲ್ಲ. 35 ಲೀಟರ್ ನಲ್ಲಿನೀರನ್ನು ಡ್ರಮ್‌ನಲ್ಲಿ ಹಿಡಿದು ಆಂಟಿ ಕ್ಲೋರಿನ್ ದ್ರಾವಣ ಹಾಕಿ ಏರ್ ಸ್ಟೋನ್ (ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಕಲ್ಲು) ಇಳಿಬಿಟ್ಟೆ. ಬರೀ ಕ್ಲೋರಿನ್ ಆದರೆ ಒಂದು ದಿನ ಗಾಳಿಯಾಡಿಸಿದರೆ ಹೋಗುತ್ತದೆ. ಕ್ಲೋರಿನ್ ಜೊತೆ ಅಮೋನಿಯಾ ಸೇರಿದ ಕ್ಲೋರಮೀನ್ ಇದ್ದರೆ ಹೋಗುವುದಿಲ್ಲ, ದ್ರಾವಣ ಬೇಕೇ ಬೇಕು.

ಒಂದು ತಯಾರಿ ನಿಜಕ್ಕೂ ಉಪಕಾರಕ್ಕೆ ಬಂತು. ಹೊಸ ಸ್ಟ್ಯಾಂಡ್ ಹಳೆಯದಕ್ಕಿಂತ 13 ಸೆಂ.ಮೀ. ಎತ್ತರ. ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿದ್ದು ಪೈಪ್‌ಗಳ ಮೂಲಕ ನೀರು ಎಳೆದು ಶೋಧಿಸಿ ಮರಳಿಸುವ ಡಬ್ಬಿ) ನೆಲದಲ್ಲೇ ಕೂರುತ್ತದೆ, ಹಾಗಾದರೆ ಪೈಪ್ ಸಾಕೇ? ದಾರ ಹಿಡಿದು ಅಳೆದು ನೋಡಿದರೆ ಎರಡೂ ಪೈಪ್ ಸಾಲುತ್ತಿರಲಿಲ್ಲ. ಒಳವ್ಯಾಸ 16, ಹೊರವ್ಯಾಸ 22 ಮಿ.ಮೀ. ಅಳತೆಯ ಹೊಸ ಪೈಪ್ ತಂದು ಬೇಕಾದುದಕ್ಕಿಂತ 10 ಸೆಂ.ಮೀ. ಉದ್ದ ಬಿಟ್ಟು ಕತ್ತರಿಸಿಟ್ಟೆ. ಇದನ್ನು ಕೊನೆಯ ಗಳಿಗೆಯಲ್ಲಿ ಕಂಡುಕೊಂಡಿದ್ದರೆ ಫಿಲ್ಟರ್ ರಾತ್ರಿಯಿಡೀ ನಿಂತಿರುತ್ತಿತ್ತು.

ಉಳಿದದ್ದು: 60 ಲೀಟರಿನ ಮುಚ್ಚಳವಿರುವ ಪ್ಲಾಸ್ಟಿಕ್ ಟಬ್, 20 ಲೀಟರಿನ ಬಕೆಟ್‌ಗಳು, ಸೈಫನ್ ಪೈಪ್, ಬ್ಯಾಟರಿ ಏರ್ ಪಂಪ್, ಹಳೆಯ ಟವೆಲ್‌ಗಳು, ಪ್ಲಾಸ್ಟಿಕ್ ಜಗ್, 5 ಸೆಂ.ಮೀ. ಅಗಲದ ನೈಲಾನ್ ಪಟ್ಟಿ ಎರಡು. ಬಕೆಟ್‌ಗಳಾಗಲಿ ಟಬ್ ಆಗಲಿ ಸೋಪು ಕಂಡಿರಬಾರದು. ಅಕ್ವೇರಿಯಂ ಕೆಲಸಕ್ಕೆಂದೇ ಬೇರೆ ಇಟ್ಟುಕೊಳ್ಳುವುದು ಕ್ಷೇಮ.

ಹಂತ 6: ನೀರು ಇಳಿಸಿ ಮೀನು ಹಿಡಿದದ್ದು

ಮೊದಲು ಹೀಟರ್‌ನ ಪ್ಲಗ್ ತೆಗೆದು ಅರ್ಧ ಗಂಟೆ ಹಾಗೇ ನೀರಿನೊಳಗೆ ಬಿಟ್ಟೆ. ಬಿಸಿಯಾಗಿರುವ ಹೀಟರ್ ನೀರು ಇಳಿದು ಗಾಳಿಗೆ ಬಂದರೆ ಅದರ ಗಾಜಿನ ಕೊಳವೆ ಸೀಳುತ್ತದೆ. ಫಿಲ್ಟರ್ ಮಾತ್ರ ಇನ್ನೂ ಓಡುತ್ತಿತ್ತು.

ಸೈಫನ್ ಬಾಯಿಯನ್ನು ಮೇಲ್ಭಾಗದ ನೀರಿನಲ್ಲೇ ಹಿಡಿದು, ಜಲ್ಲಿ ಕದಡುವ ಮೊದಲೇ ಸ್ವಚ್ಛ ನೀರನ್ನು ತೆಗೆದೆ. ಮೀನಿನ ಟಬ್‌ಗೆ 40 ಲೀಟರ್, ಮೂರು ಬಕೆಟ್‌ಗೆ ತಲಾ 18 ಲೀಟರ್. ಬಕೆಟ್ ಅಂಚಿನವರೆಗೆ ತುಂಬಿದರೆ ಹೊತ್ತೊಯ್ಯುವಾಗ ಚೆಲ್ಲುತ್ತದೆ. ಹೀಗೆ 94 ಲೀಟರ್ ಹಳೆಯ ನೀರು ಉಳಿಯಿತು. ತಳದ 35 ಲೀಟರ್ ಚೆಲ್ಲುವುದಕ್ಕೆ, ಅದರ ಬದಲಿಗೆ ಡ್ರಮ್‌ನ ಹೊಸ ನೀರು. ವಾರಕ್ಕೊಮ್ಮೆ ಮಾಡುವ ನೀರು ಬದಲಾವಣೆಯೂ ಹೆಚ್ಚುಕಡಿಮೆ ಇಷ್ಟೇ, ಆದ್ದರಿಂದ ಮೀನುಗಳಿಗೆ ಅದು ಹೊಸದಲ್ಲ.

ಇಷ್ಟಾಗುವ ಹೊತ್ತಿಗೆ ಫಿಲ್ಟರ್‌ನ ಬಾಯಿಗೆ ನೀರು ಎಟುಕದಂತಾಯಿತು, ನಿಲ್ಲಿಸಿದೆ. ಕ್ಯಾನಿಸ್ಟರ್ ಫಿಲ್ಟರ್ ಅನ್ನು ಮುಚ್ಚಿದ ಹಾಗೇ ಗಂಟೆಗಟ್ಟಲೆ ಇಡುವುದು ನನಗೆ ಒಪ್ಪಿಗೆಯಿಲ್ಲ. ಒಳಗಿನ ನೀರಿನಲ್ಲಿರುವ ಆಮ್ಲಜನಕ ಮುಗಿದರೆ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಸಾಯುತ್ತವೆ, ಮತ್ತೆ ಚಾಲೂ ಮಾಡಿದಾಗ ಆ ಕೊಳೆತ ನೀರೆಲ್ಲ ತೊಟ್ಟಿಗೆ ಬರುತ್ತದೆ. ಮುಚ್ಚಳ ತೆರೆದು ಸ್ಪಂಜು ಮತ್ತು ಸಿರಾಮಿಕ್ ರಿಂಗುಗಳನ್ನು ಬುಟ್ಟಿಸಮೇತ ತೊಟ್ಟಿಯ ನೀರಿರುವ ಒಂದು ಬಕೆಟ್‌ಗೆ ಇಳಿಸಿ, ಏರ್ ಸ್ಟೋನ್ ಹಾಕಿದೆ. ತೊಳೆಯಲಿಲ್ಲ. ಸ್ಪಂಜು ಕಂದು ಬಣ್ಣಕ್ಕೆ ತಿರುಗಿತ್ತು, ಹಿಂಡಿಬಿಡೋಣ ಎಂದು ಕೈ ಹೋಗುತ್ತದೆ, ಆದರೆ ಇದು ಅದಕ್ಕೆ ಸಮಯವಲ್ಲ. ಜಲ್ಲಿಯನ್ನೂ ಕದಡುವ ದಿನವೇ ಫಿಲ್ಟರ್ ಅನ್ನೂ ತೊಳೆದರೆ ಬ್ಯಾಕ್ಟೀರಿಯಾಗೆ ಎರಡು ಕಡೆಯೂ ನೆಲೆ ತಪ್ಪುತ್ತದೆ.

ಬೊಡ್ಡೆ, ಕಲ್ಲು ತೆಗೆದದ್ದು ಇದರ ನಂತರ. ಅವಿರುವಾಗ ಮೀನು ಹಿಡಿಯಲು ಹೋದರೆ ಮೀನಿಗೂ ನಮಗೂ ಆಯಾಸ. ವ್ಯಾಲಿಸ್ನೇರಿಯಾ ಬಿಟ್ಟು ಉಳಿದ ಗಿಡಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟೆ. ನೀರು ಒಂದು ಗೇಣಿಗಿಂತ ಕೆಳಗಿಳಿದ ಮೇಲೆ ಮೀನುಗಳಿಗೆ ಓಡಲು ಜಾಗವಿರಲಿಲ್ಲ. ಟೆಟ್ರಾಗಳು ಬಲೆಗೆ ಒಟ್ಟೊಟ್ಟಿಗೆ ಬಂದವು. ಕೋರಿಡೋರಾಸ್‌ಗೆ ಬಲೆ ಬಳಸಬಾರದು. ಅವುಗಳ ಈಜುರೆಕ್ಕೆಯ ಮುಳ್ಳು ಸೆಟೆದು ನಿಲ್ಲುತ್ತದೆ, ಬಲೆಯ ಕಣ್ಣಿಗೆ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ. ಪ್ಲಾಸ್ಟಿಕ್ ಜಗ್ ಅಡ್ಡ ಹಿಡಿದು ಇನ್ನೊಂದು ಕೈಯಿಂದ ಮೆಲ್ಲಗೆ ಒಳಕ್ಕೆ ಅಟ್ಟಿದರೆ ಅವೇ ನುಗ್ಗುತ್ತವೆ. ಪ್ಲೆಕೊ ಬೊಡ್ಡೆಯ ಪೊಟರೆಯೊಳಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಎಳೆಯದೆ ಬೊಡ್ಡೆಯನ್ನೇ ಟಬ್‌ಗೆ ಇಟ್ಟೆ.

ಟಬ್ ಮುಚ್ಚಿ ಮೇಲೊಂದು ಟವೆಲ್ ಹೊದಿಸಿದೆ. ಕತ್ತಲಲ್ಲಿ ಮೀನುಗಳು ಶಾಂತವಾಗಿರುತ್ತವೆ, ಹಾರುವುದೂ ಇಲ್ಲ. ಬ್ಯಾಟರಿ ಏರ್ ಪಂಪ್ ಒಳಗೆ ಗುಳ್ಳೆ ಬಿಡುತ್ತಿತ್ತು.

ಲೆಕ್ಕ ಹಾಕಿದರೆ ಲೋಚ್‌ಗಳು ಮೂರೇ ಇದ್ದವು.

ಹಂತ 7: ಜಲ್ಲಿ, ಮತ್ತು ನಾಲ್ಕನೆಯ ಲೋಚ್

ಜಲ್ಲಿಯನ್ನು ತೊಟ್ಟಿಯಲ್ಲೇ ಬಿಟ್ಟು ಎತ್ತುವವರಿದ್ದಾರೆ. ಚಿಕ್ಕ ತೊಟ್ಟಿಗೆ ನಡೆಯಬಹುದು. ಇಲ್ಲಿ ಒಂದು ತುದಿಯನ್ನು ತುಸು ಎತ್ತಿ ನೋಡಿದೆವು. 31 ಕೆ.ಜಿ. ಗಾಜಿಗೆ 27 ಕೆ.ಜಿ. ಒದ್ದೆ ಜಲ್ಲಿಯ ಜೊತೆ ಅದರ ನಡುವಿನ ನೀರೂ ಸೇರಿದೆ. ಎತ್ತಿದ ಕ್ಷಣ ಆ ಭಾರವೆಲ್ಲ ಆಧಾರವಿಲ್ಲದ ತಳದ ಗಾಜಿನ ಮೇಲೆ ಬೀಳುತ್ತದೆ. ಅಲ್ಲಿಗೇ ಕೈಬಿಟ್ಟು ಜಲ್ಲಿ ಖಾಲಿ ಮಾಡಲು ತೊಡಗಿದೆ.

ಸಾಮಾನ್ಯವಾಗಿ ಇದಕ್ಕೆ ಮೊರ, ಸಲಿಕೆ ಬಳಸುತ್ತಾರೆ. ಒಂದು ಲೋಚ್ ಕಾಣೆಯಾಗಿದ್ದರಿಂದ ನಾನು ಬರಿಗೈಯಲ್ಲೇ ಬೊಗಸೆ ಬೊಗಸೆಯಾಗಿ ತೆಗೆದೆ. ಪ್ರತಿ ಬೊಗಸೆಯನ್ನೂ ಬೆರಳು ಸಡಿಲಿಸಿ ನೀರು ಸೋರಿಸಿ, ನೋಡಿ, ಆಮೇಲೆ ಬಕೆಟ್‌ಗೆ. ಮುಕ್ಕಾಲು ಭಾಗ ಮುಗಿದಿತ್ತು. ಎಡ ಹಿಂಮೂಲೆಯಲ್ಲಿ ವ್ಯಾಲಿಸ್ನೇರಿಯಾದ ಬೇರುಗಳ ಕೆಳಗೆ ಕೈ ಹಾಕಿದಾಗ ಜಲ್ಲಿ ಬೆರಳ ಸಂದಿಯಲ್ಲಿ ತಾನಾಗಿ ಕದಲಿತು. ಕೈ ಹಾಗೇ ನಿಲ್ಲಿಸಿದೆ. ಬೇರಿನ ಗೊಂಚಲಿನಿಂದ ಮೊದಲು ಮೀಸೆಗಳು, ಆಮೇಲೆ ಕಪ್ಪು ಪಟ್ಟೆಯ ದಾರದಂಥ ಮೈ ಹೊರಬಂತು. ಎಂಟು ಸೆಂ.ಮೀ. ಉದ್ದ. ಜಗ್‌ನಲ್ಲಿ ನೀರು ತುಂಬಿ ಮುಂದೆ ಹಿಡಿದೆ, ಒಳಗೆ ಜಾರಿತು. ಮೈಮೇಲೆ ಗೀರೂ ಇರಲಿಲ್ಲ. ಸಲಿಕೆ ಹಾಕಿದ್ದರೆ ಅದು ಉಳಿಯುತ್ತಿರಲಿಲ್ಲ. ಮೀನು ಹಿಡಿಯುವ ಮೊದಲು ಒಂದೊಂದು ಜಾತಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಎಲ್ಲ ಸಿಗುವವರೆಗೆ ಜಲ್ಲಿಗೆ ಉಪಕರಣ ಮುಟ್ಟಿಸಬೇಡಿ ಎಂದು ಒತ್ತಿ ಹೇಳುತ್ತೇನೆ.

ಬೊಡ್ಡೆ ಕೂತಿದ್ದ ಜಾಗದ ಜಲ್ಲಿ ಕಪ್ಪಾಗಿತ್ತು, ಕೊಳೆತ ಮೊಟ್ಟೆಯ ವಾಸನೆ ಬಂತು. ಗಾಳಿಯಾಡದ ಕಡೆ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅದು, ಮೀನುಗಳಿಗೆ ವಿಷ. ಆ ಭಾಗವನ್ನು ಪ್ರತ್ಯೇಕ ಬಕೆಟ್‌ನಲ್ಲಿ, ಚೆಲ್ಲಬೇಕಾದ ಹಳೆಯ ನೀರಿನಲ್ಲೇ ವಾಸನೆ ಹೋಗುವವರೆಗೆ ಜಾಲಾಡಿದೆ. ಉಳಿದ ಜಲ್ಲಿಯನ್ನು ಒಮ್ಮೆ ಮಾತ್ರ ಅದೇ ನೀರಿನಲ್ಲಿ ಕಲಕಿ ಕೆಸರು ಬಸಿದೆ. ನಲ್ಲಿನೀರು ತಾಗಿಸಲಿಲ್ಲ.

ಹಂತ 8: ಎತ್ತಿದ್ದು

ಈ ಹೊತ್ತಿಗೆ ತಮ್ಮ ಬಂದಿದ್ದ. ಗಾಜಿನ ಹೊರಮೈ, ಅಂಚು, ನಮ್ಮ ಕೈ, ನೆಲ ಎಲ್ಲವನ್ನೂ ಒಣಗಿಸಿದೆವು. ದಾರಿಯಲ್ಲಿದ್ದ ಚಾಪೆ ಸುತ್ತಿಟ್ಟೆವು. ರಬ್ಬರ್ ಹಿಡಿತದ ಕೈಗವಸು ಹಾಕಿಕೊಂಡೆವು. ಮೇಲಂಚಿನ ಗಾಜಿನ ಪಟ್ಟಿಗಳನ್ನು ಹಿಡಿಯಬಾರದು ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಅವು ಗೋಡೆಗಳು ಹೊರಕ್ಕೆ ಉಬ್ಬದಂತೆ ತಡೆಯಲು ಅಂಟಿಸಿದವು, ಎತ್ತುವುದಕ್ಕಲ್ಲ.

ತಳದ ಅಂಚಿಗೆ ಕೈ ಕೊಟ್ಟು ಹಳೆಯ ಸ್ಟ್ಯಾಂಡಿನಿಂದ ಎತ್ತಿದ್ದು ಸಲೀಸಾಯಿತು. ನೆಲದ ಮೇಲೆ ಥರ್ಮೋಕೋಲ್ ಹಾಳೆ ಹಾಸಿದ್ದೆ. ಇಳಿಸುವಾಗ ತೊಡಕು ಬಂತು.

“ಅಣ್ಣ, ನಿಲ್ಲು. ಬೆರಳು ತೆಗೆಯಲು ಜಾಗವೇ ಇಲ್ಲ” ಎಂದ.

ಅವನ ಮಾತು ನಿಜ. ಸಮತಟ್ಟಾದ ಹಾಳೆಯ ಮೇಲೆ ಸಮತಟ್ಟಾದ ಗಾಜು ಕೂತರೆ ಬೆರಳುಗಳು ನಡುವೆ ಸಿಕ್ಕಿಬೀಳುತ್ತವೆ. ಪಕ್ಕದಲ್ಲಿದ್ದ ದಪ್ಪ ಟವೆಲ್‌ಗಳನ್ನು ಕಾಲಿನಿಂದ ಎಳೆದುಕೊಂಡು ಅವುಗಳ ಮೇಲೆ ಇಳಿಸಿದೆವು. ನೈಲಾನ್ ಪಟ್ಟಿಗಳನ್ನು ಜಾರುವ ಭಯದಿಂದ ಪಕ್ಕಕ್ಕಿಟ್ಟಿದ್ದೆವು. ಏರಿಸುವಾಗ ಅವನ್ನೇ ಬಳಸಿದೆವು. ಎರಡು ತುದಿಯಿಂದ 15 ಸೆಂ.ಮೀ. ಒಳಗೆ ತೊಟ್ಟಿಯ ತಳದಡಿ ಒಂದೊಂದು ಪಟ್ಟಿ ಅಡ್ಡ ಹಾಯಿಸಿ, ಅದರ ಎರಡು ತುದಿಯನ್ನು ಒಬ್ಬೊಬ್ಬರು ಮುಂಗೈಗೆ ಒಂದು ಸುತ್ತು ಸುತ್ತಿಕೊಂಡು ಹಿಡಿದೆವು. ಮೊದಲು ಎರಡು ಸೆಂ.ಮೀ. ಮಾತ್ರ ಎತ್ತಿ ಪಟ್ಟಿ ಸರಿಯುವುದಿಲ್ಲ ಎಂದು ಖಚಿತ ಮಾಡಿಕೊಂಡೆವು. ಮೂರನೆಯವರಾಗಿ ಅತ್ತಿಗೆ ತೊಟ್ಟಿಯ ನಡುವೆ ಕೈಯಿಟ್ಟು ವಾಲದಂತೆ ನೋಡಿಕೊಂಡರು.

ಹಳೆಯ ಸ್ಟ್ಯಾಂಡ್ ಹೊರಗೆ, ಹೊಸದು ಒಳಗೆ, ಕಾಲಡಿಗೆ ಪಿ.ವಿ.ಸಿ. ಚೌಕ, ಮೇಲ್ಹಾಸಿನ ಮೇಲೆ 10 ಮಿ.ಮೀ. ಥರ್ಮೋಕೋಲ್. ನಮ್ಮದು ತಳದ ಗಾಜು ನೇರವಾಗಿ ಕೂರುವ ತೊಟ್ಟಿಯಾದ್ದರಿಂದ ಈ ಹಾಳೆ ಬೇಕು, ಸಣ್ಣ ಉಬ್ಬುತಗ್ಗುಗಳನ್ನು ಅದು ನುಂಗುತ್ತದೆ. ತಳದಲ್ಲಿ ಪ್ಲಾಸ್ಟಿಕ್ ಚೌಕಟ್ಟು ಇರುವ ತೊಟ್ಟಿಗೆ ಹಾಸಬಾರದು. ಅಲ್ಲಿ ಭಾರ ಚೌಕಟ್ಟಿನ ಮೇಲೆ ಕೂರಬೇಕು, ಮೆತ್ತನೆಯ ಹಾಳೆ ಉಬ್ಬಿ ನಡುವಿನ ಗಾಜನ್ನು ಮೇಲಕ್ಕೆ ಒತ್ತುತ್ತದೆ.

ತೊಟ್ಟಿ ಕೂತ ಮೇಲೆ ಪಟ್ಟಿಗಳನ್ನು ಅಡ್ಡಲಾಗಿ ನಿಧಾನವಾಗಿ ಎಳೆದರೆ ಜಾರಿ ಬಂದವು. ಹಾಳೆ ಹರಿಯಲಿಲ್ಲ.

ಹಂತ 9: ನೀರೇ ಮಟ್ಟಗೋಲು

ಜಲ್ಲಿ ಹಾಕುವ ಮೊದಲು ಡ್ರಮ್‌ನಿಂದ 7 ಲೀಟರ್ ನೀರು ಸುರಿದೆ. ತಳದಲ್ಲಿ ಎರಡು ಸೆಂ.ಮೀ. ನಿಲ್ಲುತ್ತದೆ. ನಾಲ್ಕು ಮೂಲೆಯಲ್ಲೂ ಹೊರಗಿನಿಂದ ಟೇಪು ಹಿಡಿದು ನೀರಿನ ಎತ್ತರ ಅಳೆದೆ. ಎಡಕ್ಕೂ ಬಲಕ್ಕೂ 3 ಮಿ.ಮೀ. ವ್ಯತ್ಯಾಸ! ನೆಲವನ್ನು ಅಷ್ಟು ಜಾಗರೂಕತೆಯಿಂದ ಅಳೆದಿದ್ದರೂ ಹೀಗೇಕೆ ಎಂದು ಬಗ್ಗಿ ನೋಡಿದಾಗ ಕಾರಣ ತಿಳಿಯಿತು. ಸ್ಟ್ಯಾಂಡ್ ಅನ್ನು ಗೋಡೆಯ ಕಡೆಗೆ ಒಂದಿಷ್ಟು ಸರಿಸುವಾಗ ಎಡ ಹಿಂಗಾಲು ಪಿ.ವಿ.ಸಿ. ಚೌಕದಿಂದ ಅರ್ಧ ಜಾರಿತ್ತು.

ನೀರು ಸೈಫನ್ ಮಾಡಿ, ತೊಟ್ಟಿಯನ್ನು ಮತ್ತೆ ಪಟ್ಟಿಯಲ್ಲಿ ಇಳಿಸಿ, ಚೌಕವನ್ನು ಕಾಲಿನ ಬುಡಕ್ಕೇ ಎರಡು ಬದಿ ಅಂಟುವ ಟೇಪಿನಿಂದ ಅಂಟಿಸಿದೆ. ಈ ಸಲ ಮುಂದೆ ಎರಡೂ ಕಡೆ 20 ಮಿ.ಮೀ., ಹಿಂದೆ ಎರಡೂ ಕಡೆ 21 ಮಿ.ಮೀ. ಒಂದು ಮಿ.ಮೀ. ಗೋಡೆಯ ಕಡೆಗೆ ವಾಲಿದೆ, ಎರಡೂ ಬದಿ ಸಮ. ಒಪ್ಪಿದೆ. ಎಲ್ಲ ಮೂಲೆಗಳೂ ಒಂದೇ ಸಮತಲದಲ್ಲಿರುವುದು ಮುಖ್ಯ. ಒಂದು ಮೂಲೆ ಮಾತ್ರ ಬೇರೆ ಅಳತೆ ತೋರಿಸಿದರೆ ಸ್ಟ್ಯಾಂಡ್ ತಿರುಚಿಕೊಂಡಿದೆ ಎಂದರ್ಥ, ಅದು ವಾಲುವುದಕ್ಕಿಂತ ಹೆಚ್ಚು ಅಪಾಯ.

ಜಲ್ಲಿ ಹಾಕಿ, ಬೊಡ್ಡೆಯ ಜಾಗದಲ್ಲಿ ಒಂದು ತಟ್ಟೆ ಇಟ್ಟು ಅದರ ಮೇಲೆ ನೀರು ಸುರಿದರೆ ಜಲ್ಲಿ ಕದಡುವುದಿಲ್ಲ. ಅರ್ಧ ತುಂಬಿದಾಗ ಅರ್ಧ ಗಂಟೆ ನಿಂತೆ. ಒಣ ಕಾಗದವನ್ನು ತಳದ ಅಂಚಿನುದ್ದಕ್ಕೂ, ನಾಲ್ಕು ಲಂಬ ಜೋಡಣೆಗಳ ಉದ್ದಕ್ಕೂ ಒತ್ತಿ ನೋಡಿದೆ. ಕಾಗದ ಒಣಗಿಯೇ ಇತ್ತು. ಮತ್ತೆ ಮೂಲೆಗಳ ಅಳತೆ, ವ್ಯತ್ಯಾಸ ಅದೇ ಒಂದು ಮಿ.ಮೀ. ಆಮೇಲೆ ಬಕೆಟ್ ಮತ್ತು ಡ್ರಮ್‌ನ ಉಳಿದ ನೀರನ್ನೂ ಸುರಿದೆ.

ಹಂತ 10: ಫಿಲ್ಟರ್, ಆಮೇಲೆ ಮೀನು

ಫಿಲ್ಟರ್ ಜೋಡಿಸಿ ಚಾಲೂ ಮಾಡಿದರೆ ಗರಗರ ಸದ್ದು, ನೀರು ಬರಲೇ ಇಲ್ಲ. ಹೊಸ ಪೈಪ್‌ನ ಹೆಚ್ಚುವರಿ 10 ಸೆಂ.ಮೀ. ನಡುವೆ ಕಮಾನಿನಂತೆ ಮೇಲೆದ್ದು ಅಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಪ್ಲಗ್ ತೆಗೆದು ಪೈಪ್ ಅನ್ನು ಇಳಿಜಾರಾಗಿ ಬರುವಂತೆ ಕತ್ತರಿಸಿ, ಕ್ಯಾನಿಸ್ಟರ್ ಅನ್ನು ಅತ್ತಿತ್ತ ವಾಲಿಸಿ ಗುಳ್ಳೆ ಹೊರಡಿಸಿದ ಮೇಲೆ ಸದ್ದು ನಿಂತು ನೀರು ಹರಿಯಿತು. ಪ್ರತಿ ವೈರನ್ನೂ ಪ್ಲಗ್‌ಗಿಂತ ಕೆಳಗೆ ಒಂದು ಬಾಗು ಬರುವಂತೆ ಇಳಿಬಿಟ್ಟೆ. ವೈರಿನ ಮೇಲೆ ಹರಿದ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಬೇಕು, ಪ್ಲಗ್ ತನಕ ಹೋಗಬಾರದು.

ಹೀಟರ್ ನೀರಿನಲ್ಲಿ ಕಾಲು ಗಂಟೆ ಮುಳುಗಿದ ಮೇಲೆ ಚಾಲೂ. ಟಬ್‌ನ ನೀರು 23.5 ಡಿಗ್ರಿಗೆ ಇಳಿದಿತ್ತು, ತೊಟ್ಟಿಯದು 25 ಆಗುವವರೆಗೆ ಕಾದೆ. ಪ್ರತಿ ಐದು ನಿಮಿಷಕ್ಕೆ ಒಂದು ಜಗ್ ತೊಟ್ಟಿಯ ನೀರನ್ನು ಟಬ್‌ಗೆ ಹಾಕುತ್ತ ಹೋಗಿ, ಎರಡೂ ಸಮವಾದ ಮೇಲೆ ಮೀನುಗಳನ್ನು ಬಿಟ್ಟೆ. ಸಂಖ್ಯೆ ಸರಿಯಿತ್ತು, ನಾಲ್ಕು ಲೋಚ್ ಸೇರಿ. ದೀಪ ಮರುದಿನದವರೆಗೆ ಹಚ್ಚಲಿಲ್ಲ.

ಆಮೇಲಿನ ದಿನಗಳು

ಮರುದಿನ ಬೆಳಿಗ್ಗೆ ನೀರು ಹಾಲಿನಂತೆ ಮಸುಕಾಗಿತ್ತು. ಅಮೋನಿಯಾ ಪರೀಕ್ಷೆಯಲ್ಲಿ ಲೀಟರಿಗೆ 0.25 ಮಿ.ಗ್ರಾಂ. ಬಣ್ಣ ಬಂತು. ಗಾಬರಿಯಾಗಿ ನೀರೆಲ್ಲ ಬದಲಿಸುವ ಬದಲು 25 ಲೀಟರ್ ಮಾತ್ರ ಬದಲಿಸಿ ಆಹಾರ ನಿಲ್ಲಿಸಿದೆ. ಮೂರನೆಯ ದಿನಕ್ಕೆ ಅಮೋನಿಯಾ ಸೊನ್ನೆ, ಅಮೋನಿಯಾದಿಂದ ಬ್ಯಾಕ್ಟೀರಿಯಾ ಉಂಟುಮಾಡುವ, ಮೀನಿಗೆ ಅಪಾಯಕಾರಿಯಾದ ನೈಟ್ರೈಟ್ ಕೂಡ ಸೊನ್ನೆ. ಆಮೇಲೆ ಅರ್ಧ ಪ್ರಮಾಣದ ಆಹಾರ, ವಾರ ಕಳೆದ ಮೇಲೆ ಎಂದಿನಷ್ಟು. ಫಿಲ್ಟರ್ ಸ್ಪಂಜನ್ನು ತೊಳೆದದ್ದು ತಿಂಗಳ ನಂತರವೇ, ಅದೂ ತೊಟ್ಟಿಯ ನೀರಿನಲ್ಲಿ. ವ್ಯಾಲಿಸ್ನೇರಿಯಾದ ಕೆಲವು ಎಲೆ ಕರಗಿಹೋದವು, ಬುಡದಲ್ಲಿ ಹೊಸ ಚಿಗುರು ಬಂದಿದೆ.

ಮುಂಬದಿಯ ದಾರವನ್ನು ಬಿಚ್ಚಿಲ್ಲ, ತಿಂಗಳ ಕೊನೆಗೂ ಬಾಗು ಅರ್ಧ ಮಿ.ಮೀ.ನೊಳಗೇ ಇದೆ. ಸ್ಕ್ರೂಗಳನ್ನು ಒಂದು ಸುತ್ತು ಬಿಗಿದೆ, ಹಿಂಬದಿಯ ಎರಡು ಮಾತ್ರ ತುಸು ಸಡಿಲವಾಗಿದ್ದವು. ಇನ್ನು ಬಾಕಿ ಇರುವುದು ಮುಂಬದಿಯ ಬಾಗಿಲುಗಳು. ಅವುಗಳ ಮೇಲೂ ಕೆಳಗೂ ಗಾಳಿಯಾಡುವ ಕಿಂಡಿ ಬಿಡಬೇಕು, ಇಲ್ಲದಿದ್ದರೆ ಒಳಗೆ ನಿಲ್ಲುವ ತೇವಕ್ಕೆ ಪ್ಲೈವುಡ್‌ನ ಅಂಚುಗಳು ಬೂಸ್ಟು ಹಿಡಿಯುತ್ತವೆ.